ಭಾವ ಹತ್ತದ ವಿಮಾನ

ನನ್ನ ತವರುಮನೆ ಇದ್ದ ಜಾಗದಲ್ಲಿ ಈಗ ವಿಮಾನಗಳು ಇಳಿಯುತ್ತವೆ. ಎನ್.ಆರ್. ಪುರದ ನಮ್ಮ ಹೋಟೆಲಿಗೆ ಬರುವ ಹೊಸಬರಿಗೆ ಇದನ್ನು ಹೇಳಿದರೆ ನಗುತ್ತಾರೆ, ಮಾತಿಗೆ ಹೇಳುತ್ತಿದ್ದಾಳೆ ಅಂದುಕೊಳ್ಳುತ್ತಾರೆ. ಮಾತಿಗಲ್ಲ. ದೇವನಹಳ್ಳಿಯ ಹತ್ತಿರ ನಮ್ಮದೊಂದು ಸಣ್ಣ ಊರಿತ್ತು. ಒಂದು ಕೆರೆ, ಕೆರೆಯ ಹಿಂದೆ ರಾಗಿ ಹೊಲ, ಮುಂದೆ ದ್ರಾಕ್ಷಿ ಚಪ್ಪರ. ಹಣ್ಣಿನ ಕಾಲದಲ್ಲಿ ಮನೆಯೊಳಗೆಲ್ಲ ಕರಿದ್ರಾಕ್ಷಿಯ ಹುಳಿವಾಸನೆ ತುಂಬಿಕೊಳ್ಳುತ್ತಿತ್ತು. ಅಪ್ಪ ಬುಟ್ಟಿಗಳನ್ನು ಟೆಂಪೋಗೆ ಹೇರಿಕೊಂಡು ಬೆಂಗಳೂರಿನ ಮಾರುಕಟ್ಟೆಗೆ ಹೋಗುತ್ತಿದ್ದ. ಅಲ್ಲಿ ಕೊಪ್ಪದ ಕಡೆಯಿಂದ ಬಾಳೆಗೊನೆ ತರುತ್ತಿದ್ದ ಲಾರಿ ಡ್ರೈವರೊಬ್ಬರ ಪರಿಚಯವಾಯಿತು. ನಮ್ಮವರೇ, ಗೌಡರ ಪೈಕಿ. ಅವರು ತೋರಿಸಿದ ಸಂಬಂಧದಲ್ಲಿ ಹುಡುಗನ ಮಾತು ಕಡಿಮೆ ಎಂಬುದೇ ಅಪ್ಪನಿಗೆ ಹಿಡಿಸಿತು. ಮಾತು ಕಡಿಮೆಯಿರುವ ಗಂಡನ ಜೊತೆ ಬಾಳುವುದು ಅಂದರೆ ಏನು ಎಂದು ಅಪ್ಪ ಯೋಚಿಸಿರಲಿಕ್ಕಿಲ್ಲ.

ಹಾಗೆ ನಾನು ಕೊಪ್ಪಕ್ಕೆ ಸೊಸೆಯಾಗಿ ಬಂದೆ. ಶೃಂಗೇರಿಗೆ ಹೋಗುವ ರಸ್ತೆಯಲ್ಲಿ, ಬಸ್ ನಿಲ್ದಾಣದ ಎದುರಿಗೆ ಗಂಡನ ಮನೆಯವರ ಊಟದ ಹೋಟೆಲಿತ್ತು. ಹಿಂದುಗಡೆ ಮನೆ, ಮುಂದುಗಡೆ ಹೋಟೆಲು. ಮಾವ ತೀರಿಕೊಂಡು ಬಹಳ ಕಾಲವಾಗಿತ್ತು. ದುಡ್ಡು ತೆಗೆದುಕೊಳ್ಳುವ ಗಲ್ಲದ ಮೇಲೆ ಕೂರುತ್ತಿದ್ದವರು ಗಂಡನ ಅಣ್ಣ. ನನಗೆ ಭಾವ. ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಅಕ್ಕನ ತವರು ಶೃಂಗೇರಿಯಾಚೆಯ ಕಿಗ್ಗ.

ಭಾವ ನನ್ನನ್ನು ನೋಡಿ ಮಾತಾಡುತ್ತಿರಲಿಲ್ಲ. ತಮ್ಮನ ಹೆಂಡತಿಯ ಹತ್ತಿರ ಹೆಚ್ಚು ಮಾತು ಬೇಡ ಎನ್ನುವ ಹಳೆಯ ಮರ್ಯಾದೆ ಎಲ್ಲ ಕಡೆಯೂ ಇರುತ್ತದೆ. ಅವರದು ಆ ಮರ್ಯಾದೆಯಲ್ಲ. ಅಕ್ಕನಿಗೆ, ಗಂಡನಿಗೆ, ಯಾರೂ ಇಲ್ಲದಿದ್ದರೆ ಗೋಡೆಗೆ ಹೇಳುತ್ತಿದ್ದರು. "ಅವಳಿಗೆ ಹೇಳು, ಇನ್ನೊಂದು ಸುತ್ತು ಮುದ್ದೆ ಬೇಕು ಅಂತ." ನಾನು ಅಲ್ಲೇ ಎರಡು ಮಾರು ದೂರದಲ್ಲಿ ಒಲೆಯ ಮುಂದೆ ನಿಂತಿರುತ್ತಿದ್ದೆ.

ಮುದ್ದೆ ನಾನು ತಂದದ್ದು. ಕೊಪ್ಪದಲ್ಲಿ ಕಡುಬು, ಅಕ್ಕಿರೊಟ್ಟಿ, ಅನ್ನ. ರಾಗಿ ಮುದ್ದೆ ಅಲ್ಲಿಯವರ ದಿನದ ಊಟವಲ್ಲ. ಮೊದಲ ಸಲ ಮಾಡಿದಾಗ ಅತ್ತೆ ಮುಖ ಸಿಂಡರಿಸಿ, "ಇದೆಂತ ಮಾರಾಯ್ತಿ, ಗೋಡೆಗೆ ಮೆತ್ತೋ ಮಣ್ಣಿದ್ದಂಗಿದೆ" ಅಂದಿದ್ದರು. ಆದರೆ ಕೋಲಾರ, ತುಮಕೂರು, ಮಂಡ್ಯದ ಲಾರಿಗಳು ಆ ರಸ್ತೆಯಲ್ಲಿ ಬರುತ್ತಿದ್ದವು. ಶೃಂಗೇರಿ ಹೊರನಾಡು ಮುಗಿಸಿದ ಟೂರ್ ವ್ಯಾನುಗಳೂ ಬರುತ್ತಿದ್ದವು. ಅವರಿಗೆ ಮಲೆನಾಡಿನಲ್ಲಿ ಮುದ್ದೆ ಸಿಕ್ಕುತ್ತದೆ ಅಂದರೆ ಹಬ್ಬ. ಒಬ್ಬರಿಂದ ಒಬ್ಬರಿಗೆ ಸುದ್ದಿ ಹೋಗಿ, ನಮ್ಮ ಹೋಟೆಲಿನ ಮುಂದೆ ಮಧ್ಯಾಹ್ನ ಲಾರಿಗಳ ಸಾಲು ನಿಲ್ಲತೊಡಗಿತು. ಭಾವ ಹೊಸ ಬೋರ್ಡಿನಲ್ಲಿ 'ಇಲ್ಲಿ ಮುದ್ದೆ ಊಟ ಸಿಗುತ್ತದೆ' ಎಂದು ಬರೆಸಿದರು. ಮುದ್ದೆ ಕಟ್ಟುವವಳನ್ನು ಮಾತ್ರ ಬಯಲುಸೀಮೆಯವಳು ಎಂದೇ ಕರೆಯುತ್ತಿದ್ದರು.

ವಿಮಾನ ನಿಲ್ದಾಣದ ಮಾತು ನನ್ನ ಮದುವೆಗೂ ಮುಂಚಿನದು. ನಾನು ಚಿಕ್ಕವಳಿದ್ದಾಗ ಯಾರೋ ಬಂದು ಹೊಲಗಳನ್ನು ಅಳೆದು ಕಲ್ಲು ನೆಟ್ಟು ಹೋಗಿದ್ದರು. ನಾವು ಆ ಕಲ್ಲಿನ ಮೇಲೆ ಕೂತು ಹುಣಸೆಕಾಯಿ ತಿನ್ನುತ್ತಿದ್ದೆವು. ವರ್ಷ ವರ್ಷ ಪೇಪರಿನಲ್ಲಿ ಬರುವುದು, ನಿಂತುಹೋಗುವುದು, ಮತ್ತೆ ಬರುವುದು. ಅದು ಬರುವುದಿಲ್ಲ ಎಂದೇ ಎಲ್ಲರೂ ನಂಬಿಕೊಂಡಿದ್ದರು. ಅಪ್ಪ ಅದೇ ನಂಬಿಕೆಯಲ್ಲಿ ತೀರಿಕೊಂಡ. ಅಪ್ಪ ಹೋದ ಮೇಲೆ ಅದು ನಿಜವಾಗಿಯೇ ಬಂತು. ಊರನ್ನು ಎಬ್ಬಿಸುತ್ತಾರೆ ಎಂದು ಊರಲ್ಲಿದ್ದ ನನ್ನ ಅಣ್ಣ ಹೇಳಿಕಳಿಸಿದ್ದ. ಆದರೆ ಯಾವಾಗ ಎನ್ನುವುದು ಅವನಿಗೂ ಗೊತ್ತಿರಲಿಲ್ಲ.

ಪೇಪರಿನಲ್ಲಿ ಅದರ ಸುದ್ದಿ ಬಂದ ದಿನ ಭಾವ ಗಲ್ಲದ ಮೇಲಿಂದಲೇ ಗಿರಾಕಿಗಳಿಗೆ ಹೇಳುತ್ತಿದ್ದರು. "ದೇಶಕ್ಕೇ ದೊಡ್ಡದು ಮಾಡ್ತಾರಂತೆ ಮಾರಾಯ. ಆ ಬಯಲುಸೀಮೇಲಿ ಬೇರೆ ಎಂತ ಆಗ್ತದೆ? ಬೆಳಿಯೋದೇ ಧೂಳು. ವಿಮಾನನಾದ್ರೂ ಇಳೀಲಿ."

ನಾನು ಒಳಗೆ ಹಿಟ್ಟು ತಿರುವುತ್ತಾ ಕೇಳಿಸಿಕೊಳ್ಳುತ್ತಿದ್ದೆ. ಆಗ ಸಿಟ್ಟು ಬರುತ್ತಿತ್ತು. ಹಗೆ ಅನ್ನುವುದು ಇನ್ನೂ ಹುಟ್ಟಿರಲಿಲ್ಲ.

ಅದು ಹುಟ್ಟಿದ್ದು ಒಂದು ದಸರಾ ಕಳೆದ ಮೇಲೆ. ನವರಾತ್ರಿಯಲ್ಲಿ ಶೃಂಗೇರಿಗೆ ಬರುವ ಜನ ಒಂದೆರಡಲ್ಲ. ವ್ಯಾನು, ಬಸ್ಸು, ಕಾರು, ಎಲ್ಲವೂ ನಮ್ಮ ಮುಂದೆಯೇ ಹಾದುಹೋಗಬೇಕು. ಆ ದಿನಗಳಲ್ಲಿ ನನಗೆ ಬೆನ್ನು ನೇರ ಮಾಡಲು ಪುರುಸೊತ್ತು ಇರುತ್ತಿರಲಿಲ್ಲ. ದೀಪಾವಳಿಗೆ ಸ್ವಲ್ಪ ಮುಂಚೆ ಜನ ಕಡಿಮೆಯಾದ ಮೇಲೆ, ಅಮ್ಮನನ್ನು ನೋಡಿ ಬರುತ್ತೇನೆ ಎಂದು ಗಂಡನಿಗೆ ಹೇಳಿ ಹೊರಟೆ. ದೇವನಹಳ್ಳಿಯಲ್ಲಿ ಬಸ್ಸಿಳಿದು ನಮ್ಮೂರ ಕಡೆಯ ಆಟೋ ಕೇಳಿದರೆ ಆಟೋದವನು ನನ್ನನ್ನೇ ನೋಡಿದ.

"ಎಲ್ಲಮ್ಮ ಆ ಊರು? ಎಬ್ಬಿಸ್ಬಿಟ್ರಲ್ಲ. ಎಲ್ಲಾ ಪೇಟೆ ಒಳಗೆ ಬಾಡಿಗೆಗೆ ಅವ್ರೆ."

ಕೇಳಿ ಕೇಳಿ ಹುಡುಕಿ ಹೋದೆ. ಒಂದು ಓಣಿಯ ಕೊನೆಯಲ್ಲಿ ಶೀಟಿನ ಮನೆ. ಅಮ್ಮ ಬಾಗಿಲಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ನನ್ನನ್ನು ನೋಡಿ ಏಳಲಿಲ್ಲ.

"ಈಗ ಬಂದ್ಯಾ ಅಮ್ಮಣ್ಣಿ" ಅಂದಳು.

"ನಂಗೆ ಗೊತ್ತೇ ಇರ್ಲಿಲ್ಲ ಕಣಮ್ಮ. ಯಾರೂ ಹೇಳ್ಲಿಲ್ಲ."

"ನಾನೇ ಫೋನ್ ಮಾಡಿದ್ನಲ್ಲ."

"ಯಾವಾಗ?"

"ಒಡೆಯೋಕೆ ಎರಡು ದಿನ ಮುಂಚೆ. ಬೂತಿಗೆ ಹೋಗಿ, ನಿಮ್ಮ ಹೋಟ್ಲಿಗೇ ಮಾಡಿದ್ದು. ನಿಮ್ಮ ಭಾವನೇ ತಗೊಂಡಿದ್ದು. ಮನೆ ಒಡೀತಾರೆ ಕಣಪ್ಪ, ಮಗಳನ್ನ ಒಂದ್ಸಲ ಕಳಿಸ್ಕೊಡಿ, ಕೊನೇದಾಗಿ ನೋಡ್ಕೊಂಡು ಹೋಗ್ಲಿ ಅಂದೆ. ಹೇಳ್ತೀನಮ್ಮ ಅಂದ್ರು."

ನನ್ನ ಕೈಯಲ್ಲಿ ಅವಳಿಗೆಂದು ತಂದಿದ್ದ ಬಾಳೆಹಣ್ಣಿನ ಚೀಲ ಇನ್ನೂ ಇತ್ತು. ಅಮ್ಮ ಅವರೆಕಾಯಿಯಿಂದ ಕಣ್ಣೆತ್ತದೆ ಹೇಳುತ್ತಾ ಹೋದಳು. ಜೆಸಿಬಿ ಬೆಳಿಗ್ಗೆಯೇ ಬಂದಿತ್ತಂತೆ. ಮಗಳು ಬರುತ್ತಾಳೆ, ಕೊಪ್ಪದಿಂದ ಬರಬೇಕು, ಬಸ್ಸು ತಡವಾಗಿರುತ್ತೆ ಎಂದು ಅವಳು ಹೊಸ್ತಿಲ ಮೇಲೆ ಕೂತುಬಿಟ್ಟಳಂತೆ. ಬಂದವರು ಕೆಟ್ಟವರಲ್ಲ, ಮುದುಕಿ ಎಂದು ಮೊದಲು ಪಕ್ಕದ ಮನೆಗಳನ್ನು ಮುಗಿಸಿಕೊಂಡು ಬಂದರಂತೆ. ಮಧ್ಯಾಹ್ನವಾದ ಮೇಲೆ ಅಣ್ಣನೇ ಅವಳ ಕಂಕುಳಿಗೆ ಕೈಕೊಟ್ಟು ಎಬ್ಬಿಸಿದನಂತೆ.

"ನಾನು ಬರ್ತಿದ್ದೆ ಅಮ್ಮ. ನಂಗೆ ಹೇಳಿದ್ದಿದ್ರೆ ನಡ್ಕೊಂಡಾದ್ರೂ ಬರ್ತಿದ್ದೆ."

"ಆಗ್ಲಿ ಬಿಡು."

ಆ 'ಆಗ್ಲಿ ಬಿಡು' ಎಂಬ ಮಾತಿನಲ್ಲಿ ಅವಳು ನನ್ನನ್ನು ನಂಬಲಿಲ್ಲ ಎಂಬುದು ಇತ್ತು. ದೊಡ್ಡ ಹೋಟೆಲಿನ ಸೊಸೆ, ಸಂಸಾರ ಬಿಟ್ಟು ಹಳೇ ಮನೆ ಬೀಳುವುದನ್ನು ನೋಡಲು ಯಾಕೆ ಬಂದಾಳು ಎಂದು ತನ್ನಷ್ಟಕ್ಕೆ ತೀರ್ಮಾನ ಮಾಡಿಕೊಂಡಿದ್ದಳು. ಆಮೇಲೆ ಎಷ್ಟು ಸಲ ಹೋದರೂ, ಎಷ್ಟು ಹೇಳಿದರೂ ಅದೇ ಮಾತು. ಹೊಸ ವಿಮಾನ ನಿಲ್ದಾಣ ಶುರುವಾಗುವ ಮುಂಚೆಯೇ ಅದೇ ಶೀಟಿನ ಮನೆಯಲ್ಲಿ ಅಮ್ಮ ತೀರಿಕೊಂಡಳು.

ಮೊದಲ ಸಲ ದೇವನಹಳ್ಳಿಯಿಂದ ವಾಪಸು ಬಂದವಳೇ ನಾನು ಬ್ಯಾಗು ಕೆಳಗಿಡದೆ ಗಲ್ಲದ ಮುಂದೆ ನಿಂತೆ.

"ಭಾವ, ನಮ್ಮಮ್ಮ ಫೋನ್ ಮಾಡಿದ್ರಾ?"

ಅವರು ಚಿಲ್ಲರೆ ವಿಂಗಡಿಸುತ್ತಿದ್ದರು. ಹಿಂದೆ ನಿಂತಿದ್ದ ನನ್ನ ಗಂಡನಿಗೆ ಹೇಳಿದರು. "ಮಾಡಿದ್ರು ಅನ್ನು. ಹೇಳಿದ್ರೆ ಹೋಗ್ತಿದ್ಲು. ದಸರಾ ಟೈಮಲ್ಲಿ ಇಲ್ಲಿ ಯಾರು ನೋಡೋದು? ಬೀಳೋ ಮನೇಲಿ ಎಂತ ನೋಡೋದಿತ್ತು?"

ಮರೆತೆ ಅಂದಿದ್ದರೆ ನಾನು ಅತ್ತು ಸುಮ್ಮನಾಗುತ್ತಿದ್ದೆನೇನೋ. ಅವರು ಮರೆತಿರಲಿಲ್ಲ. ಲೆಕ್ಕ ಹಾಕಿಯೇ ಬಾಯಿ ಮುಚ್ಚಿಕೊಂಡಿದ್ದರು. ನಾನು ಗಂಡನ ಮುಖ ನೋಡಿದೆ. ಅವರು ಪಂಚೆಯ ತುದಿ ಸರಿಮಾಡಿಕೊಂಡು ಸಾಮಾನಿನ ಕೋಣೆಗೆ ಹೋದರು. ಮಲಗುವ ಹೊತ್ತಿಗೆ ಅವರು ಹೇಳಿದ್ದು ಇಷ್ಟೇ: "ಅಣ್ಣ ಹಂಗೇ. ಬಿಡು."

ಬಿಡಲಿಲ್ಲ. ಮಾರನೇ ದಿನದಿಂದ ಎಂದಿನಂತೆ ಮುದ್ದೆ ಕಟ್ಟಿದೆ. ಜಗಳವಾಡಲಿಲ್ಲ, ಉಪವಾಸ ಕೂರಲಿಲ್ಲ. ನನಗೊಂದು ದಿನ ಸಿಕ್ಕುತ್ತದೆ ಎಂದು ಕಾಯತೊಡಗಿದೆ. ಏನು ಮಾಡುತ್ತೇನೆ ಎಂದು ಗೊತ್ತಿರಲಿಲ್ಲ, ಮಾಡುತ್ತೇನೆ ಎಂಬುದು ಮಾತ್ರ ಗೊತ್ತಿತ್ತು.

ಕಾಯುವಾಗ ನನ್ನ ಊರಿನ ಸುದ್ದಿ ತಂದುಕೊಡುತ್ತಿದ್ದವರು ಲಾರಿಯವರು. ಅವರಲ್ಲಿ ಚಿಂತಾಮಣಿ ಕಡೆಯವನೊಬ್ಬ ವಿಮಾನ ನಿಲ್ದಾಣದ ಕಾಮಗಾರಿಗೆ ಜಲ್ಲಿ ಹೊಡೆಯುತ್ತಿದ್ದ. ನಡುನಡುವೆ ಮಂಗಳೂರಿಗೆ ಬಾಡಿಗೆ ಸಿಕ್ಕಿದಾಗ ನಮ್ಮಲ್ಲಿ ಊಟಕ್ಕೆ ನಿಲ್ಲುತ್ತಿದ್ದ. ನನ್ನ ಮಾತು ಕೇಳಿ ತನ್ನ ಕಡೆಯವಳೆಂದು ಗುರುತು ಹಿಡಿದಿದ್ದ.

"ಅಕ್ಕಾ, ನಿಮ್ಮೂರ ದಿನ್ನೆ ಎಲ್ಲಾ ತೆಗ್ದವ್ರೆ. ಈ ತುದೀಲಿ ನಿಂತ್ರೆ ಆ ತುದಿ ಕಾಣ್ತದೆ, ತಟ್ಟೆ ಇದ್ದಂಗೆ" ಎಂದ ಒಂದು ಸಲ. ಇನ್ನೊಂದು ಸಲ ಬಂದಾಗ ಕಾಂಪೌಂಡು ಎದ್ದಿತ್ತು. ಆಮೇಲೊಮ್ಮೆ, "ಕೆರೆ ಮುಚ್ಬಿಟ್ರು ಅಕ್ಕಾ, ನಾನೇ ನಾಲ್ಕು ಲೋಡು ಹಾಕ್ದೆ" ಎಂದು ಹೇಳಿ, ಹೇಳಬಾರದಿತ್ತೇನೋ ಎಂಬಂತೆ ತಲೆ ತಗ್ಗಿಸಿ ಉಂಡ. ನಾನು ಅವನ ತಟ್ಟೆಗೆ ಇನ್ನೊಂದು ಮುದ್ದೆ ಹಾಕಿದೆ. ಅವನ ತಪ್ಪೇನಿತ್ತು? ಕಬ್ಬಿಣದ ಚಾವಣಿ, ಗಾಜಿನ ಗೋಡೆ, ರನ್‌ವೇಗೆ ಹಾಸಿದ ಡಾಂಬರು, ಒಂದೊಂದೂ ನನಗೆ ಸಾರಿನ ಸೌಟು ಹಿಡಿದು ನಿಂತಲ್ಲೇ ತಿಳಿಯುತ್ತಿತ್ತು. ವಿಮಾನ ನಿಲ್ದಾಣದ ಮೇಲೆ ನನಗೆ ಸಿಟ್ಟಿರಲಿಲ್ಲ. ಅದು ಯಾರದೋ ದೊಡ್ಡ ಕೆಲಸ, ಅದಕ್ಕೆ ನನ್ನ ಗುರುತಿಲ್ಲ. ನನ್ನ ಗುರುತಿದ್ದು, ನನ್ನ ಕೈಯ ಊಟ ಉಂಡು ಹಾಗೆ ಮಾಡಿದವರು ಒಬ್ಬರೇ.

ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣ ಮುಚ್ಚಿ ದೇವನಹಳ್ಳಿಯ ಹೊಸತು ಶುರುವಾದ ಹೊಸದರಲ್ಲಿ, ಜಿಲ್ಲೆಯ ಹೋಟೆಲಿನವರೆಲ್ಲ ಸೇರಿಕೊಂಡ ಒಂದು ಸಂಘದವರು ದೆಹಲಿ ಪ್ರವಾಸ ಹಾಕಿಕೊಂಡರು. ಹೋಗುವುದು ವಿಮಾನದಲ್ಲಿ. ಭಾವ ಹೆಸರು ಕೊಟ್ಟರು. ನಮ್ಮ ಮನೆಯಲ್ಲಿ ಅಲ್ಲಿಯವರೆಗೆ ಯಾರೂ ವಿಮಾನ ಹತ್ತಿರಲಿಲ್ಲ. ಆ ದಿನದಿಂದ ಗಲ್ಲದ ಮೇಲೆ ಬೇರೆ ಮಾತೇ ಇಲ್ಲ. ಸಫಾರಿ ಹೊಲಿಸಿದರು. ಶೂ ತಂದು ಮನೆಯೊಳಗೆ ಹಾಕಿಕೊಂಡು ನಡೆದು ಅಭ್ಯಾಸ ಮಾಡಿದರು. ಊಟಕ್ಕೆ ಬಂದವರಿಗೆಲ್ಲ ಹೇಳಿದ್ದಾಯಿತು.

ಒಂದು ದಿನ ನಾನು ತಟ್ಟೆ ತೆಗೆಯಲು ಹೊರಗೆ ಬಂದಾಗ, ಔಷಧಿ ಅಂಗಡಿಯವರಿಗೆ ನನ್ನ ಕಡೆ ಕಣ್ಣು ತೋರಿಸಿ ಹೇಳಿದರು. "ಇವಳ ತವರುಮನೆ ಮೇಲೇ ಮಾರಾಯ ಅದು ಕಟ್ಟಿದ್ದು. ಇವಳ ತವರುಮನೆ ಮೇಲೆ ಶೂ ಹಾಕ್ಕೊಂಡು ನಡ್ದು ನಾನು ವಿಮಾನ ಹತ್ತೋದು."

ಔಷಧಿ ಅಂಗಡಿಯವರು ನಗಲಿಲ್ಲ. ಭಾವ ಇಬ್ಬರ ಪಾಲಿನದನ್ನೂ ನಕ್ಕರು.

ವಿಮಾನ ಹತ್ತುವುದಕ್ಕೆ ಎರಡು ದಿನ ಮುಂಚೆ ಅವರು ಕಮ್ಮರಡಿಗೆ ನೆಂಟರ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದರು. ಅವರ ಹತ್ತಿರ ಮೊಬೈಲು ಇತ್ತು, ಆದರೆ ಆ ಮನೆಯಿದ್ದ ಕಡೆ ಸಿಗ್ನಲ್ ಸಿಕ್ಕುತ್ತಿರಲಿಲ್ಲ. ಅಕ್ಕನೂ ಅತ್ತೆಯೂ ಜೊತೆಗೆ ಹೋಗಿದ್ದರು. ಗಂಡ ತರಕಾರಿ ತರಲು ಪೇಟೆಗೆ ಹೋಗಿದ್ದರು. ಗಲ್ಲದ ಮೇಲಿನ ಫೋನ್ ರಿಂಗಾಯಿತು. ಕೈ ಒರೆಸಿಕೊಂಡು ತೆಗೆದೆ.

ಸಂಘದ ಕಾರ್ಯದರ್ಶಿ. "ಗೌಡ್ರ ಮೊಬೈಲ್ ಸಿಗ್ತಾ ಇಲ್ಲಮ್ಮ. ಒಂದು ಅರ್ಜೆಂಟ್ ವಿಷಯ ಇತ್ತು. ವಿಮಾನದ ಟೈಮ್ ಬದಲಾಗಿದೆ. ಮಧ್ಯಾಹ್ನದ್ದು ಅಂತ ಇತ್ತಲ್ಲ, ಈಗ ಬೆಳಿಗ್ಗೆದ್ದು ಮಾಡಿದಾರೆ. ಹಿಂದಿನ ದಿನವೇ ಬೆಂಗಳೂರಿಗೆ ಬಂದು ನಮ್ಮ ಜೊತೆ ರೂಮಿನಲ್ಲಿ ಉಳ್ಕೊಳ್ಬೇಕು ಅಂತ ಹೇಳಿ. ಮರೀಬೇಡಿ ಆಯ್ತಾ?"

"ಹೇಳ್ತೀನಿ" ಅಂದೆ.

ರಿಸೀವರ್ ಇಟ್ಟ ಮೇಲೆ ಅಮ್ಮನ ಮಾತು ನೆನಪಾಯಿತು. 'ಹೇಳ್ತೀನಮ್ಮ ಅಂದ್ರು.' ನಾನು ಬೇಕೆಂದು ಆ ಮಾತು ಆರಿಸಿಕೊಂಡಿರಲಿಲ್ಲ, ಅದು ಬಾಯಿಗೆ ತಾನಾಗಿ ಬಂದಿತ್ತು. ಗಲ್ಲದ ಪಕ್ಕದಲ್ಲಿ ಸ್ವಲ್ಪ ಹೊತ್ತು ನಿಂತೆ. ನನಗಾಗಿದ್ದು ಭಯವಲ್ಲ, ಸಂತೋಷ ಎಂದು ತಿಳಿಯಲು ತುಸು ಸಮಯ ಬೇಕಾಯಿತು. ಒಳಗೆ ಹೋಗಿ ಸಾರಿಗೆ ಉಪ್ಪು ಹಾಕಿದೆ.

ಭಾವ ಬಂದರು. ಹೇಳಲಿಲ್ಲ. ಮಾರನೇ ದಿನ ಬೆಳಿಗ್ಗೆಯೂ ಹೇಳಲಿಲ್ಲ. ಅವರು ಇಡೀ ದಿನ ಗಲ್ಲದ ಮೇಲೆ ಕೂತಿದ್ದರು. ನಾನು ಹತ್ತಾರು ಸಲ ಅವರ ಮುಂದೆ ಹಾದುಹೋದೆ. ಒಂದೊಂದು ಸಲವೂ ಹೇಳಬಹುದಿತ್ತು. ಒಂದೊಂದು ಸಲವೂ ಹೊಸ್ತಿಲ ಮೇಲೆ ಕೂತ ಅಮ್ಮನನ್ನು ನೆನೆಸಿಕೊಂಡು ಮುಂದೆ ಹೋದೆ. ಗಂಡನಿಗೂ ಹೇಳಲಿಲ್ಲ.

ರಾತ್ರಿ ಬೆಂಗಳೂರಿನ ಬಸ್ಸಿಗೆ ಬೀಳ್ಕೊಡಲು ನಾಲ್ಕಾರು ಜನ ಸೇರಿದ್ದರು. ಬಸ್ ಏಜೆಂಟ್ ಒಂದು ಹಾರ ತಂದಿದ್ದ. ಭಾವ ಬೇಡ ಬೇಡ ಅನ್ನುತ್ತಲೇ ಕುತ್ತಿಗೆ ಬಗ್ಗಿಸಿದರು. ಅತ್ತೆ ದೃಷ್ಟಿ ತೆಗೆದರು. ಬ್ಯಾಟರಿ ಉಳಿಯಲಿ ಎಂದು ಭಾವ ಮೊಬೈಲನ್ನು ಆಫ್ ಮಾಡಿ ಜೇಬಿಗೆ ಹಾಕಿಕೊಂಡಿದ್ದನ್ನು ನಾನು ಬಾಗಿಲ ಮರೆಯಿಂದ ನೋಡಿದೆ.

ಮಾರನೇ ಬೆಳಿಗ್ಗೆ ಇಡ್ಲಿಯ ಹೊತ್ತಿಗೆ ಮತ್ತೆ ಫೋನು. ಆಗಲೂ ಗಂಡ ಹೊರಗಿದ್ದರು, ನಾನೇ ತೆಗೆದೆ. "ಎಲ್ಲಮ್ಮ ಗೌಡ್ರು? ಮೊಬೈಲ್ ಸ್ವಿಚ್ ಆಫ್ ಬರ್ತಾ ಇದೆ. ನಾವೆಲ್ಲ ಒಳಗೆ ಹೋಗ್ತಾ ಇದೀವಿ."

"ಹೊರಟಿದ್ದಾರೆ" ಅಂದೆ. ಅದು ಸುಳ್ಳಲ್ಲ. ಅವರು ಆಗ ಬೆಂಗಳೂರು ಮುಟ್ಟಿದ್ದರೋ ಇಲ್ಲವೋ.

ವಿಮಾನ ಹೋಗಿಬಿಟ್ಟಿದೆ, ಅವರು ಅದೇ ದಿನವೋ ಮಾರನೇ ದಿನವೋ ಮುಖ ಇಳಿಬಿಟ್ಟುಕೊಂಡು ಬರುತ್ತಾರೆ ಎಂದು ನಾನು ಕಾದೆ. ಬರಲಿಲ್ಲ. ಅದರ ಮಾರನೇ ದಿನವೂ ಇಲ್ಲ. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು. ಏನಾದರೂ ಮಾಡಿಕೊಂಡರೋ ಎನ್ನಿಸಿತು. ಗಂಡನಿಗೆ ಹೇಳಿಬಿಡೋಣ ಎಂದು ಹೊರಟಿದ್ದೆ. ಆ ಹೊತ್ತಿಗೆ ಶೃಂಗೇರಿಯಿಂದ ಕಿಗ್ಗಕ್ಕೆ ಜೀಪು ಓಡಿಸುವವನೊಬ್ಬ ಊಟಕ್ಕೆ ಬಂದ. ಅನ್ನ ಬಡಿಸುವಾಗ ಕೇಳಿದ. "ನಿಮ್ಮ ಗೌಡ್ರು ದೆಹಲಿಗೆ ಹೋಗ್ಲಿಲ್ವಾ? ಕಿಗ್ಗದಲ್ಲಿ ಹೆಂಡ್ತಿ ಮನೆ ಜಗಲೀಲಿ ಕೂತು ಎಲೆಅಡಿಕೆ ಹಾಕ್ತಿದ್ರಲ್ಲ. ಮಾತಾಡ್ಸಿದ್ರೆ ಒಳಗೆ ಎದ್ದು ಹೋದ್ರು."

ನಾನು ಬಡಿಸುವುದನ್ನು ನಿಲ್ಲಿಸಲಿಲ್ಲ. "ಬೇರೆ ಯಾರೋ ಇರ್ಬೇಕು" ಅಂದೆ. ಒಳಗೆ ಬಂದು ಬಾಯಿಗೆ ಸೆರಗು ಒತ್ತಿ ನಕ್ಕೆ. ಎಷ್ಟೋ ವರ್ಷಗಳ ಮೇಲೆ ಹಾಗೆ ನಕ್ಕಿದ್ದೆ. ಹಾರ ಹಾಕಿಸಿಕೊಂಡ ಊರಿಗೆ ಹಾಗೇ ಮರಳಲಾರದೆ, ದೆಹಲಿಯ ದಿನಗಳು ಮುಗಿಯುವವರೆಗೆ ಅವರು ಹೆಂಡತಿಯ ತವರಿನಲ್ಲಿ ಅಡಗಿ ಕೂತಿದ್ದರು.

ಪ್ರವಾಸ ಮುಗಿಯಬೇಕಾದ ದಿನ ಸರಿಯಾಗಿ ಬಂದಿಳಿದರು. ಸಫಾರಿಯಲ್ಲೇ ಬಂದರು. ಬೆಂಗಳೂರಿನಲ್ಲೋ ಶೃಂಗೇರಿಯಲ್ಲೋ ಕೊಂಡ ಒಂದು ಪೆಟ್ಟಿಗೆ ಸಿಹಿಯನ್ನು ದೆಹಲಿಯದು ಎಂದು ಎಲ್ಲರಿಗೂ ಹಂಚಿದರು. ಅಕ್ಕ ನನ್ನ ಕಣ್ಣು ತಪ್ಪಿಸಿ ಓಡಾಡುತ್ತಿದ್ದಳು. ಅವಳಿಗೆ ತವರಿನಿಂದ ಸುದ್ದಿ ಬಂದಿರಬೇಕು. ಸಂಘದವರ ಫೋನು ಬಂದರೆ ಭಾವ ಮೊಬೈಲನ್ನು ಕವುಚಿ ಇಡುತ್ತಿದ್ದರು.

ಮತ್ತೆ ಕತೆ ಶುರುವಾಯಿತು. ಮೋಡದ ಕತೆ, ವಿಮಾನದ ಹುಡುಗಿಯರ ಕತೆ, ಕಿವಿಗೆ ಹತ್ತಿ ಇಟ್ಟುಕೊಂಡ ಕತೆ. ಯಾರಿಂದ ಕೇಳಿಕೊಂಡಿದ್ದರೋ, ಚೆನ್ನಾಗಿಯೇ ಹೇಳುತ್ತಿದ್ದರು. ನಾನು ಸುಮ್ಮನಿದ್ದೆ. ನಿಜ ನನ್ನ ಕೈಯಲ್ಲಿತ್ತು. ಅದನ್ನು ಬೇಗ ಖರ್ಚು ಮಾಡಲು ಮನಸ್ಸಿರಲಿಲ್ಲ. ಇನ್ನೂ ಒಂದಿಷ್ಟು ದಿನ ಹೇಳಲಿ, ಇನ್ನೂ ಎತ್ತರಕ್ಕೆ ಹೋಗಲಿ ಎಂದುಕೊಂಡಿದ್ದೆ. ಸಂಘದವರೇ ಒಂದು ದಿನ ಊಟಕ್ಕೆ ಬಂದು ಇವರ ಎದುರಿಗೆ ಕೂತರೆ ಹೇಗೆ ಎಂದು ನೆನೆಸಿಕೊಂಡು ಖುಷಿಪಡುತ್ತಿದ್ದೆ.

ಅಷ್ಟು ದಿನ ತಡೆಯಲಾಗಲಿಲ್ಲ. ಒಂದು ಮಧ್ಯಾಹ್ನ ಔಷಧಿ ಅಂಗಡಿಯವರು, ಬಸ್ ಏಜೆಂಟ್, ಕೋಲಾರದ ಕಡೆಯ ಇಬ್ಬರು ಡ್ರೈವರುಗಳು ಕೂತಿದ್ದರು. ನಾನು ಸಾರಿನ ಪಾತ್ರೆ ಹಿಡಿದು ಹೊರಗೆ ಬಂದೆ. ಭಾವ ಮೋಡದ ಮೇಲಿದ್ದರು.

"ಕೆಳಗೆ ನೋಡಿದ್ರೆ ಮಾರಾಯ, ಮನೆಗಳೆಲ್ಲ ಬೆಂಕಿಪೊಟ್ಟಣ. ಮೇಲೆ ಏಳ್ತಿದ್ದಂಗೆ ಒಂದು ಕೆರೆ ಕಂಡ್ತು. ಇವಳ ಊರಿನ ಕೆರೆನೇ ಅದು. ಪಕ್ಕದಲ್ಲಿ ಇವಳ ಮನೆ ಇದ್ದ ಜಾಗಾನೂ ಕಂಡ್ತು. ಎಂತ ಇಲ್ಲ, ಕೆಂಪು ಮಣ್ಣು ಅಷ್ಟೇ. ಅದನ್ನ ನೋಡಕ್ಕೆ ಇವಳು ಅವತ್ತು ಎಷ್ಟು ಹಾರಾಡಿದ್ಲು."

ನಾನು ಕೊನೆಯ ಸಲ ನೋಡದೆ ಹೋದದ್ದನ್ನು, ನೋಡದೇ ಇದ್ದ ಈ ಮನುಷ್ಯ ನೋಡಿದೆ ಎಂದು ಹೇಳುತ್ತಿದ್ದ. ಪಾತ್ರೆಯನ್ನು ಮೇಜಿನ ಮೇಲಿಟ್ಟೆ.

"ಆ ಕೆ‌ರೆ ಮುಚ್ಚಿ ಬಹಳ ಕಾಲ ಆಯ್ತು ಭಾವ. ಅದರ ಮೇಲೆ ಡಾಂಬರು ಹಾಕಿದಾರೆ."

ಅವರು ಔಷಧಿ ಅಂಗಡಿಯವರನ್ನು ನೋಡಿ, "ಬೇರೆ ಕೆರೆ ಇರ್ಬಹುದು ಅನ್ನು" ಅಂದರು.

"ಯಾವ ಕೆರೇನೂ ಅಲ್ಲ. ನೀವು ವಿಮಾನ ಹತ್ತಿಲ್ಲ. ಟೈಮ್ ಬದಲಾಗಿದೆ, ಹಿಂದಿನ ದಿನವೇ ಬರಬೇಕು ಅಂತ ಸಂಘದವರು ಫೋನ್ ಮಾಡಿದ್ರು. ನಾನೇ ತಗೊಂಡಿದ್ದು."

ಆಗ ಅವರು ನನ್ನ ಮುಖ ನೋಡಿದರು. ನಾನು ಆ ಮನೆಗೆ ಬಂದಾಗಿನಿಂದ ಅದೇ ಮೊದಲು.

"ಎಂತ ಹೇಳ್ತಿದೀಯೆ ನೀನು? ಯಾರಿಗೆ ಹೇಳ್ದೆ?"

"ಯಾರಿಗೂ ಹೇಳ್ಲಿಲ್ಲ. ಹೇಳಿದ್ರೆ ನೀವು ಹೋಗ್ತಿದ್ರಿ."

ಯಾರೂ ಉಣ್ಣುತ್ತಿರಲಿಲ್ಲ. ಬಸ್ ಏಜೆಂಟ್ ಮೆಲ್ಲಗೆ ಕೇಳಿದ. "ಹಂಗಾದ್ರೆ ಗೌಡ್ರು ಅಷ್ಟು ದಿನ ಎಲ್ಲಿದ್ರು?"

"ಕಿಗ್ಗದಲ್ಲಿ. ಅಕ್ಕನ ತವರಲ್ಲಿ ಅಡಗಿದ್ರು" ಅಂದೆ. "ಅವರಿಗೆ ಹೋಗಕ್ಕೆ ಒಂದು ತವರಿತ್ತು."

ಭಾವ ಗಲ್ಲದ ಡ್ರಾಯರನ್ನು ತೆರೆದಂತೆಯೇ ಬಿಟ್ಟು ಒಳಗೆ ಹೋದರು. ಡ್ರೈವರುಗಳಲ್ಲಿ ಒಬ್ಬ ಕೈ ತೊಳೆದು ಬಂದು, ಗಲ್ಲದ ಮೇಲೆ ಯಾರೂ ಇಲ್ಲದ್ದು ನೋಡಿ, ದುಡ್ಡನ್ನು ನನ್ನ ಕೈಗೇ ಕೊಟ್ಟ.

ಅಂದು ಹೋಟೆಲಿನ ಬಾಗಿಲು ಸಂಜೆಗೆ ಮುಂಚೆಯೇ ಮುಚ್ಚಿತು. ಅತ್ತೆ ನನಗೆ ಶಾಪ ಹಾಕಿದರು. ಅದು ತಾಗಲಿಲ್ಲ. ತಾಗಿದ್ದು ಅಕ್ಕನ ಮಾತು. ಅವಳು ಅಡುಗೆಮನೆಯಲ್ಲಿ ಕೂತು ಅಳುತ್ತಾ, "ಅವರನ್ನ ಎಂತ ಬೇಕಾದ್ರೂ ಮಾಡ್ಬಹುದಿತ್ತು ನೀನು. ನನ್ನ ತವರಿನ ಹೆಸರು ನಾಲ್ಕು ಜನರ ಎದುರಿಗೆ ಎಂತಕ್ಕೆ ಎತ್ತಿದೆ?" ಎಂದಳು. ಅದು ಈಗಲೂ ಚುಚ್ಚುತ್ತದೆ.

ಗಂಡ ಬೆಂಚುಗಳನ್ನೆಲ್ಲ ಗೋಡೆಗೆ ಸರಿಸಿಟ್ಟರು. ಆಮೇಲೆ, "ನಂಗೊಂದು ಮಾತು ಹೇಳಬಹುದಿತ್ತು" ಅಂದರು.

"ಹೇಳಿದ್ರೆ ನೀವು ಅಣ್ಣನಿಗೆ ಹೇಳಿಬಿಡ್ತಿದ್ರಿ."

ಅವರು ಯೋಚನೆ ಮಾಡಿ ಹೇಳಿದರು. "ಹೌದು. ಹೇಳಿಬಿಡ್ತಿದ್ದೆ." ಅಷ್ಟು ಒಪ್ಪಿಕೊಂಡದ್ದಕ್ಕೇ ನನಗೆ ಅವರ ಮೇಲಿದ್ದ ಸಿಟ್ಟು ಅರ್ಧ ಇಳಿಯಿತು.

ಊರು ನನಗಿಂತ ಕಟುಕ. ಬಸ್ ನಿಲ್ದಾಣ ಎದುರಿಗೇ ಇತ್ತಲ್ಲ, ಶೃಂಗೇರಿ ಬಸ್ಸು ಹೊರಡುವಾಗ ಕಂಡಕ್ಟರುಗಳು, "ಶೃಂಗೇರಿ, ಕಿಗ್ಗ ಏರ್‌ಪೋರ್ಟ್, ಕಿಗ್ಗ ಏರ್‌ಪೋರ್ಟ್" ಎಂದು ಕೂಗಲು ಶುರುಮಾಡಿದರು. ಜನ ನಗುತ್ತಾ ಬಸ್ಸು ಹತ್ತುತ್ತಿದ್ದರು. ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಎರಡು ಸಲ, ಸಂಜೆ ಮತ್ತೆ. ಭಾವ ಗಲ್ಲದ ಮೇಲೆ ಕೂರುವುದನ್ನು ಬಿಟ್ಟರು. ನಾನು ಒಲೆಯ ಮುಂದೆ ನಿಂತು ಆ ಕೂಗನ್ನು ಕೇಳುತ್ತಿದ್ದೆ. ಒಂದು ದಿನವೂ ಬೇಸರವಾಗಲಿಲ್ಲ. ಅಯ್ಯೋ ಪಾಪ ಅನ್ನಿಸುತ್ತದೆಯೇನೋ ಎಂದು ನನ್ನನ್ನು ನಾನೇ ಕೇಳಿಕೊಂಡು ನೋಡಿದೆ. ಅನ್ನಿಸಲಿಲ್ಲ.

ಒಟ್ಟಿಗೆ ಇರುವುದು ಇನ್ನು ಆಗುತ್ತಿರಲಿಲ್ಲ. ಕಡಹಿನಬೈಲಿನಲ್ಲಿದ್ದ ನನ್ನ ಗಂಡನ ಸೋದರಮಾವ ಎನ್.ಆರ್. ಪುರದಲ್ಲಿ ಒಂದು ಸಣ್ಣ ಮಳಿಗೆ ಹುಡುಕಿಕೊಟ್ಟರು. ನಾಲ್ಕು ಮೇಜು, ಒಂದು ಒಲೆ. ಮುದ್ದೆಯ ಲಾರಿಗಳು ಮೊದಮೊದಲು ಬರಲಿಲ್ಲ. ಆಮೇಲೆ ಒಬ್ಬೊಬ್ಬರೇ ಹುಡುಕಿಕೊಂಡು ಬಂದರು. ಕೊಪ್ಪದ ಹೋಟೆಲಿನಲ್ಲಿ ಅಕ್ಕ ಮುದ್ದೆ ಮಾಡಲು ನೋಡಿದಳಂತೆ, ಗಂಟುಗಂಟಾಯಿತಂತೆ. ಕೆಲವು ವರ್ಷಕ್ಕೆ ಅದು ಮುಚ್ಚಿ, ಅಲ್ಲಿ ಮೊಬೈಲ್ ಅಂಗಡಿ ಬಂತು. ಆ ಸುದ್ದಿ ತಿಳಿದ ದಿನ ನಾನು ಪಾಯಸ ಮಾಡಿದೆ. ಗಂಡ ಯಾಕೆ ಎಂದು ಕೇಳದೆ ಉಂಡರು.

ಕ್ಷಮಿಸಿಬಿಡು, ಎಲ್ಲ ಮುಗಿದುಹೋದ ವಿಷಯ ಎಂದು ಹೇಳುವವರು ಇದ್ದಾರೆ. ಹೇಳುವವರ ಮನೆಗಳೆಲ್ಲ ಇದ್ದಲ್ಲೇ ಇವೆ. ಭಾವ ಒಂದು ವಿಮಾನ ಕಳೆದುಕೊಂಡರು, ಸುಳ್ಳು ಸಿಕ್ಕಿಬಿತ್ತು, ಗಲ್ಲ ಹೋಯಿತು. ನನ್ನಮ್ಮ ನನ್ನ ಮೇಲಿನ ನಂಬಿಕೆ ಕಳೆದುಕೊಂಡೇ ಸತ್ತಳು. ಎರಡನ್ನೂ ತೂಗಿ ಸರಿಯಾಯಿತು ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ವಿಮಾನ ನಿಲ್ದಾಣವನ್ನು ನಾನು ನೋಡಿದ್ದು ಅದಾದ ಮೇಲೆ. ಅಣ್ಣ ಈಗ ಅಲ್ಲೇ ಬಾಡಿಗೆ ಕಾರು ಓಡಿಸುತ್ತಾನೆ. ಒಂದು ದಿನ ನನ್ನನ್ನು ಕಾಂಪೌಂಡಿನ ಹೊರಗಿನ ರಸ್ತೆಗೆ ಕರೆದುಕೊಂಡು ಹೋದ. ಅಲ್ಲಿ ಕಾರು ನಿಲ್ಲಿಸಿ, ಬೇಲಿಯಾಚೆ ಕೈ ತೋರಿಸಿದ.

"ಇಲ್ಲೇ ಇರ್ಬೇಕು ನಮ್ಮನೆ. ಅಲ್ಲಲ್ಲ, ಆ ಕಂಬದಿಂದ ಆಚೆಗೆ."

"ಕಂಬದ ಆಚೆ ಕೆರೆ ಏರಿ ಬರ್ತಿತ್ತಲ್ಲೋ. ಮನೆ ಈ ಕಡೆಗೆ."

"ನಿನಗೇನು ಗೊತ್ತು? ನೀನು ಮದುವೆ ಮಾಡ್ಕೊಂಡು ಹೋದೋಳು."

ಇಬ್ಬರೂ ಚಿಕ್ಕವರಿದ್ದಾಗಿನ ಹಾಗೆ ಸ್ವಲ್ಪ ಹೊತ್ತು ಜಗಳವಾಡಿದೆವು. ಯಾರ ಮಾತೂ ಗೆಲ್ಲಲಿಲ್ಲ. ಅಷ್ಟರಲ್ಲಿ ಒಂದು ವಿಮಾನ ತೀರಾ ತಗ್ಗಿನಲ್ಲಿ ಬಂದು, ಅಣ್ಣ ತೋರಿಸಿದ ಜಾಗಕ್ಕೂ ನಾನು ತೋರಿಸಿದ ಜಾಗಕ್ಕೂ ನಡುವೆ ಇಳಿದು ಓಡಿಹೋಯಿತು. ಸದ್ದು ಇಳಿದ ಮೇಲೆ ಅಣ್ಣ ಕೇಳಿದ.

"ನಿಮ್ಮ ಭಾವ ಹೆಂಗವ್ರೆ?"

"ಮಂಡಿನೋವಂತೆ. ಎಲ್ಲೂ ಹೊರಗೆ ಬರಲ್ವಂತೆ."

"ಹೋಗಿ ನೋಡಿದ್ಯಾ?"

"ಇಲ್ಲ" ಅಂದೆ. ಅವನು ಕಾರು ಶುರುಮಾಡಿದ. ಇಬ್ಬರಿಗೂ ಹಸಿವಾಗಿತ್ತು. ದೇವನಹಳ್ಳಿಯ ಪೇಟೆಗೆ ಹೋಗಿ ಊಟ ಮಾಡಿದೆವು.